ಕನ್ನಡಿಯ ಮೇಲೆ ಗೀರು

ಅಮ್ಮನವರಿಗೆ ನಮಸ್ಕಾರ.

ನಿಮ್ಮ ಮಗ ಗುಂಡೇಟಿಗೆ ತೀರಿಕೊಂಡ ಸಂಗತಿಯನ್ನು ನನಗೆ ಮೊದಲು ಹೇಳಿದವನು ನಮ್ಮ ಕಾರ್ಖಾನೆಯಲ್ಲಿ ಗುಂಡು ತಡೆಯುವ ಅಂಗಿಯ ಪ್ಲೇಟುಗಳನ್ನು ಗುಂಡು ಹೊಡೆದು ಪರೀಕ್ಷಿಸುವ 'ಗುಂಡಿನ ಮಾವ', ಹೋದ ಮಂಗಳವಾರ ಊಟದ ಹೊತ್ತಿನಲ್ಲಿ. "ಸತ್ತ ಕಾವಲುಗಾರ ಎದೆಯ ಪ್ಲೇಟನ್ನ ಹಿಂದುಮುಂದು ಹಾಕ್ಕೊಂಡಿದ್ನಂತೆ. ಅಷ್ಟೂ ಎಚ್ಚರ ಬೇಡ್ವೇನ್ರೋ?" ಎಂದ.

ಆ ಪ್ಲೇಟಿನ ಮುಂಬದಿಯಲ್ಲಿ ಗುಂಡನ್ನು ಒಡೆಯುವ ಸೆರಾಮಿಕ್ ಹೆಚ್ಚು. ಹಿಂದಕ್ಕೆ ಹೋದಂತೆ ಪೆಟ್ಟು ತಾಳುವ ಅಲ್ಯೂಮಿನಿಯಂ ಹೆಚ್ಚುತ್ತದೆ. ನೋಡಲು ಎರಡೂ ಬದಿ ಅವಳಿ ಮಕ್ಕಳ ಹಾಗೆ. ಅದಕ್ಕೇ ಕುಲುಮೆಯವರು ಮುಂಬದಿಗೆ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಹೊಳಪು ಕೊಡುವವಳು ನಾನು. "ಇವಳು ಉಜ್ಜಿದ್ರೆ ಕನ್ನಡಿ ಕಣ್ರೀ" ಎಂದು ಎಲ್ಲರೂ ಹೊಗಳುತ್ತಿದ್ದರು. ಆ ಗುರುತನ್ನೂ ಕೊಳೆಯೆಂದು ಒರೆಸುತ್ತಿದ್ದೆ.

ತಪ್ಪು ನಿಮ್ಮ ಮಗನದಲ್ಲ. ಅವನ ಸಾವಿನ ವಿಚಾರಣೆಯಲ್ಲಿ ಈ ಕಾಗದ ತೋರಿಸಿ. ಕರೆದರೆ ನಾನೂ ಬರುತ್ತೇನೆ.

ಗುರುತು ಒರೆಸಿದ್ದು ನಾನೇ ಎಂದು ಆ ಮಂಗಳವಾರವೇ ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿದೆ. ಮರುದಿನ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಎಲ್ಲರೂ ಒಂದೊಂದು ಮೊಳೆ ಹಿಡಿದು ಬಂದಿದ್ದರು. ಸೆರಾಮಿಕ್ ಹೆಚ್ಚಿರುವ ಬದಿಗೆ ಮೊಳೆ ನಾಟುವುದಿಲ್ಲ; ಗೀರು ಬಿದ್ದರೆ ಅದು ಹಿಂಬದಿ. ಗೋದಾಮಿನಲ್ಲಿದ್ದ ನನ್ನ ಕನ್ನಡಿಗಳನ್ನೆಲ್ಲ ಗೀರಿದರು. ಮೊದಲ ಗೀರು ನಾನೇ ಎಳೆದೆ.

ಇಂತಿ,
ಪ್ಲೇಟು ಉಜ್ಜುವವಳು