ದುಂಡವ್ವನಿಗೆ ಕಂಪ್ಯೂಟರ್ ಕೊಟ್ಟ ಮಗ

೧೨ ನವೆಂಬರ್ ೨೦೦೭, ಸೋಮವಾರ

ಇವತ್ತೂ ಬೆಳಿಗ್ಗೆಯೆಲ್ಲ ಸರ್ವರ್ ಡೌನ್. ಜೆ.ಪಿ. ನಗರದ ನಮ್ಮ ರೇಷನ್ ಕಾರ್ಡ್ ಸೆಂಟರಿಗೆ ಬಾಗಿಲು ತೆಗೆಯುವ ಮೊದಲೇ ಕ್ಯೂ. ಮಧ್ಯಾಹ್ನ ದುಂಡವ್ವ ಹೊಸ ಕಾರ್ಡಿಗೆಂದು ಬಂದಳು. ನಮ್ಮ ಗದಗಿನ ಕಡೆಯವಳು, ಬಿಟಿಎಂನ ನಮ್ಮ ಪಿಜಿಗೆ ರೊಟ್ಟಿ ತಂದು ಮಾರುವವಳು. ಗಂಡನಿಲ್ಲ, ಮಕ್ಕಳಿಲ್ಲ. ಜರಗನಹಳ್ಳಿಯಲ್ಲಿ ಮಾರಯ್ಯನ ಮನೆ ಹಿಂದಿನ ಶೀಟ್ ರೂಮಿನಲ್ಲಿ ಬಾಡಿಗೆಗಿದ್ದಾಳೆ.

ಕಂಪ್ಯೂಟರ್ ಒಪ್ಪಲಿಲ್ಲ. ಒಂದು ಮನೆ ನಂಬರಿಗೆ ಒಂದೇ ಕಾರ್ಡಂತೆ, ಮಾರಯ್ಯನದು ಆಗಲೇ ಇದೆ. ಬೇರೆ ಕಾರ್ಡಿಗೆ ಸೂಪರ್‌ವೈಸರ್ ವೆಂಕಟಾಚಲ ಸಾರ್ ಬರೆದು ಕಳಿಸಬೇಕು, ಅವರು ರಜೆ. ಮುದುಕಿಯನ್ನು ಮತ್ತೆ ಅಲೆಸುವುದೇಕೆ ಅಂತ ಮಾರಯ್ಯನ ಕಾರ್ಡಿಗೇ ಸೇರಿಸಿದೆ. ಸಂಬಂಧ? ಬಾಡಿಗೆಯವರು ಅನ್ನುವ ಆಯ್ಕೆಯೇ ಇಲ್ಲ. ‘ತಾಯಿ’ ಒತ್ತಿದೆ. ತಕ್ಷಣ ತೆಗೆದುಕೊಂಡಿತು.

ಬಿದ್ದು ಬಿದ್ದು ನಕ್ಕಳು. “ಈ ವಯಸ್ಸಿನಾಗ ನನಗೊಬ್ಬ ಮಗನ್ನ ಕೊಟ್ಟೆಲ್ಲ ತಂಗಿ!”

೪ ಫೆಬ್ರವರಿ ೨೦೦೮

ದುಂಡವ್ವನ ವೃದ್ಧಾಪ್ಯ ವೇತನ ನಿಂತಿದೆ. ವೇತನದ ಆಫೀಸಿನವರು ಕಾರ್ಡಿನ ಲಿಸ್ಟ್ ತಾಳೆ ನೋಡಿದರಂತೆ — ಮಹಡಿ ಮನೆ ಇರುವ ಮಗನಿದ್ದಾನೆ, ಸಾಕುತ್ತಾನೆ. ಮಾರಯ್ಯನದು ಎಪಿಎಲ್ ಕಾರ್ಡು, ಹಾಗಾಗಿ ಅಗ್ಗದ ಅಕ್ಕಿಯೂ ಇಲ್ಲ.

“ನನಗ ಮಗ ಇಲ್ಲಂತ ಸಾಹೇಬರಿಗೆ ನೀ ಒಂದು ಮಾತು ಹೇಳವ್ವಾ.”

ಹೇಳಲೆಂದೇ ಸಾರ್ ಹತ್ತಿರ ಹೋದೆ. ಅವರು ಫೋನ್ ಇಟ್ಟು, “ತಪ್ಪು ಎಂಟ್ರಿ ಮಾಡ್ದೋರ್ನ ಗುತ್ತಿಗೆ ಕಂಪನಿಯವ್ರು ಮನೆಗೆ ಕಳಿಸ್ತಾರಂತೆ. ನೀನ್ಯಾಕಮ್ಮ ಬಂದೆ ಉಮಾಶ್ರೀ?” ಅಂದರು.

“ಏನಿಲ್ಲ ಸಾರ್. ಪ್ರಿಂಟರಲ್ಲಿ ಪೇಪರ್ ಖಾಲಿ.”

ಈ ಕೆಲಸ ಹೋದರೆ ಪಿಜಿ ಬಿಟ್ಟು ಊರು ಸೇರಬೇಕು. ನಿಜ. ಆದರೂ ಎಂಥ ಹೇಡಿ ನಾನು.

೨೦ ಮಾರ್ಚ್

ರೊಟ್ಟಿ ಬರದೆ ವಾರವಾಯಿತು. ಪಿಜಿ ಹುಡುಗಿಯರು ಕೇಳಿದರು. ಊರಿಗೆ ಹೋಗಿರಬೇಕು ಅಂದೆ. ಯಾರಿಗೆ ಗೊತ್ತು? ನಾನು ನೋಡಲು ಹೋಗೇ ಇಲ್ಲ.

೨೯ ಮಾರ್ಚ್, ಶನಿವಾರ, ಸಂಜೆ

ಕೊನೆಗೂ ಜರಗನಹಳ್ಳಿಗೆ ಹೋದೆ. ಶೀಟ್ ರೂಮಿನಲ್ಲಿ ಬೇರೆ ಯಾರೋ. ದುಂಡವ್ವ ಮಾರಯ್ಯನ ಹಿತ್ತಲಲ್ಲಿ ಕೂತು ರಾಶಿ ಪಾತ್ರೆ ತಿಕ್ಕುತ್ತಿದ್ದಳು.

“ಬಾಡಿಗೆ ಕೊಡಕ್ಕಾಗ್ಲಿಲ್ಲ ಮೇಡಂ,” ಅಂದ ಮಾರಯ್ಯ. “ಇಲ್ಲೇ ಕೆಲ್ಸ ಮಾಡ್ಕೊಂಡು ಊಟ ಮಾಡ್ಕೊಂಡಿರ್ಲಿ ಬಿಡಿ. ಹೆಂಗೂ ನಮ್ ಕಾರ್ಡಲ್ಲೇ ಹೆಸ್ರೈತಲ್ಲ.”

ಅವನು ಒಳಗೆ ಹೋದ ಮೇಲೆ ದುಂಡವ್ವ ಮೆಲ್ಲಗೆ ಕೇಳಿದಳು. “ಸಾಹೇಬರಿಗೆ ಹೇಳಿದೇನವ್ವಾ?”

“ಹೇಳೀನಿ ಆಯಿ. ಆಗ್ತೈತಿ.”

“ನೀ ಅದೀ ಅಂತ ಧೈರ್ಯ ನನಗ,” ಅಂದು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ನನ್ನ ಗಲ್ಲ ಮುಟ್ಟಿದಳು.

ನಾಳೆ ಭಾನುವಾರ. ಸೋಮವಾರ ಹೇಳೇ ಹೇಳುತ್ತೇನೆ. ಸಾರ್ ಬಂದ ಕೂಡಲೇ. ಅವರು ಒಬ್ಬರೇ ಇದ್ದರೆ…