ನಾಲ್ಕನೇ ಕಾಂಟ್ಯಾಕ್ಟ್

ಜನವರಿ 5, ಭಾನುವಾರ. ಬೆಳಿಗ್ಗೆ 8.50. ಸಾವನದುರ್ಗ

ಫ್ಲಾಸ್ಕ್ ಸೋರಿ ಬ್ಯಾಗೆಲ್ಲ ಕಾಫಿ. ಪುಣ್ಯಕ್ಕೆ ರೇಡಿಯೋ ಮೇಲಿನ ಜೇಬಿನಲ್ಲಿತ್ತು.

ಮೂರು ಕಾಂಟ್ಯಾಕ್ಟ್ ಬೇಗ ಆಯ್ತು. ಕೆಂಗೇರಿಯ ಕಿಟ್ಟಿ, ರಾಮನಗರದ ಜೀವನ್, ಮಾಗಡಿಯ ಯಾರೋ ಹೊಸಬರು. ತುದಿಯಿಂದ ರೇಡಿಯೋದಲ್ಲಿ ನಾಲ್ಕು ಜನ ಸಿಕ್ಕರೆ ಮಾತ್ರ ಬೆಟ್ಟ ಲೆಕ್ಕಕ್ಕೆ. ನಮ್ಮ ಹ್ಯಾಮ್ ರೇಡಿಯೋ ಹವ್ಯಾಸಿಗಳ ನಿಯಮ. ಮೂರಕ್ಕೆ ನಿಂತರೆ ಹತ್ತಿದ್ದು ಬರೀ ವ್ಯಾಯಾಮ.

ನಾಲ್ಕನೆಯವರು ಯಾವಾಗಲೂ ವೆಂಕಟಗಿರಿ ಸಾರ್. ರಿಟೈರ್ಡ್ ಮೇಷ್ಟ್ರು, ವಿಜಯನಗರ. ಇವತ್ತೂ ಎಂಟೂವರೆಗೆ ಸರಿಯಾಗಿ ಹಾಜರ್. ಮುಖ ನೋಡಿಲ್ಲ. ಮೂರು ವರ್ಷದಿಂದ ದನಿ ಮಾತ್ರ. "ಪಂಕಜಾ ಅವರೇ, ನೀವು ಫೈವ್ ನೈನ್" ಅಂತಾರೆ. ಮಾತು ಸ್ಪಷ್ಟ ಇದ್ದರೆ ಐದು, ಸಿಗ್ನಲ್ ಜೋರಾಗಿದ್ದರೆ ಒಂಬತ್ತು. ಅಂದರೆ ಫುಲ್ ಮಾರ್ಕ್ಸ್. ನನಗೆ ಬೇರೆ ಎಲ್ಲೂ ಸಿಗದ್ದು.

ತಮಾಷೆ ಅಂದ್ರೆ, ಚಂದ್ರಾ ಲೇಔಟಿನ ನನ್ನ ಮನೆಯಿಂದ ಅವರ ಮನೆಗೆ ಇಪ್ಪತ್ತು ನಿಮಿಷದ ನಡಿಗೆ. ಮಧ್ಯೆ ಅಪಾರ್ಟ್‌ಮೆಂಟುಗಳು, ನನ್ನ ಕೈ ರೇಡಿಯೋದ ಸಿಗ್ನಲ್ ದಾಟಲ್ಲ. ಪಕ್ಕದ ಏರಿಯಾದವರ ಹತ್ತಿರ ಮಾತಾಡೋಕೆ ಸ್ಕೂಟರಲ್ಲಿ ಊರು ಬಿಟ್ಟು ಬಂದು ಬೆಟ್ಟ ಹತ್ತುವ ಹೆಂಗಸು ನಾನೊಬ್ಬಳೇ ಇರಬೇಕು. "ಮನೆಗೇ ಹೋಗ್ಬಹುದಲ್ಲ ಮೇಡಂ?" ಅಂತ ಕಾಲೇಜಿನ ಲ್ಯಾಬಲ್ಲಿ ನನ್ನ ಜೊತೆ ಕೆಲಸ ಮಾಡೋ ಪ್ರಭಾ ಕೇಳಿದಳು. ಹೋಗಿ ಏನು ಮಾತಾಡಲಿ? ಮೈಕ್ ಇಲ್ಲದೆ ನನಗೆ ಬಾಯಿ ಬರಲ್ಲ.

ಮೈಕ್ ಇದ್ದರೆ ನಿಲ್ಲಲ್ಲ. ಡೈವೋರ್ಸ್ ಆಗಿದ್ದನ್ನು ಮೊದಲು ಹೇಳಿದ್ದು ಅವರಿಗೇ, ಕಬ್ಬಾಳದುರ್ಗದ ತುದಿಯಿಂದ. ಕೋರ್ಟಿನಲ್ಲಿ ನಾನು ಸೈನ್ ಹಾಕಿದ ಮೇಲೆ, ಗಂಡನಾಗಿದ್ದ ನಾಗರಾಜು ಪೆನ್ನು ವಾಪಸ್ ಕೇಳಿದ್ದನ್ನೂ ಹೇಳಿದೆ. ಸಾರ್, "ಏನಾದ್ರೂ ತಿಂದು ಇಳೀರಿ ಅಮ್ಮ" ಅಂದರು. ಬೇರೆ ಯಾರೂ ಅಷ್ಟು ಸರಿಯಾದ್ದು ಹೇಳಲಿಲ್ಲ.

ಜನವರಿ 19, ಭಾನುವಾರ. ಮಧ್ಯಾಹ್ನ. ಶಿವಗಂಗೆ, ಕೆಳಗೆ ಪಾರ್ಕಿಂಗ್

ನಗು ತಡೆಯೋಕಾಗ್ತಿಲ್ಲ. ಆಂಟೆನಾ ತಿರುಪಿ ಕೂರಿಸೋದು ಮರೆತಿದ್ದೆ. ಲೂಸ್. ಕಿಟ್ಟಿ "ಮೇಡಂ, ಬರೀ ಗೊರಗೊರ! ತ್ರೀ ಒನ್!" ಅಂದ. ಜೀವನ್‌ಗೆ ಕೇಳಿಸಲೇ ಇಲ್ಲ. ಸಾರ್ ಮಾತ್ರ ಗಂಭೀರವಾಗಿ — "ಪಂಕಜಾ ಅವರೇ, ಫೈವ್ ನೈನ್."

ನಮ್ಮ ಹ್ಯಾಮ್ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟೆ. "ಆಂಟೆನಾ ಲೂಸ್ ಇದ್ರೂ ಫೈವ್ ನೈನ್! ಮೇಷ್ಟ್ರು ಪೇಪರ್ ನೋಡ್ದೇ ಮಾರ್ಕ್ಸ್ ಹಾಕ್ತಾರೆ!" ನಗುವ ಮುಖಗಳ ಸುರಿಮಳೆ.

ರಾತ್ರಿ 9

ಸಾರ್ ಗ್ರೂಪ್ ಬಿಟ್ಟಿದಾರೆ.

ಜನವರಿ 26, ಭಾನುವಾರ. ಹುಲಿಯೂರುದುರ್ಗ

ಎಂಟೂವರೆ. ಒಂಬತ್ತು. ಒಂಬತ್ತೂವರೆ. ಕರೆದೂ ಕರೆದೂ ಗಂಟಲು ಒಣಗಿತು. ಸಾರ್ ಇಲ್ಲ. ಮೂರಕ್ಕೆ ನಿಂತಿತು.

ಫೆಬ್ರವರಿ 2

ಇವತ್ತೂ ಇಲ್ಲ. ಮೆಸೇಜಿಗೆ ಒಂದೇ ಟಿಕ್.

ಕಿಟ್ಟಿ ಫೋನ್ ಮಾಡಿ ಬೈದ. "ಎಲ್ರ ಮುಂದೆ ಯಾಕ್ ಹಾಕಿದ್ರಿ ಮೇಡಂ? ದೊಡ್ಡೋರು ಅವರು." ಅವನೂ ನಕ್ಕಿದ್ದ, ನೆನಪಿಸಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು — ಅಮ್ಮ ನನಗೇ ಅಂತ ಇಟ್ಟುಕೊಂಡಿದ್ದ ಗಾದೆ. ಅಡ್ರೆಸ್ ಕೇಳಿದೆ. ಆ ಮನೆಯ ಟೆರೇಸಲ್ಲಿ ಆಂಟೆನಾ ನಿಲ್ಲಿಸಿದ್ದು ಕಿಟ್ಟಿಯೇ. ಕೊಟ್ಟ.

ಐದು ದಿನ ಯೋಚನೆ ಮಾಡ್ತೀನಿ, ನನಗೆ ಗೊತ್ತು.

ಫೆಬ್ರವರಿ 8, ಶನಿವಾರ. ಸಂಜೆ 7

ಹೋಗಿದ್ದೆ. ಅರ್ಧ ಡಜನ್ ಕಿತ್ತಳೆ ಹಿಡಿದು ಗೇಟಿನ ಹತ್ತಿರ ಎರಡು ಸಲ ಅತ್ತಿಂದಿತ್ತ ನಡೆದೆ.

ಬಾಗಿಲು ತೆಗೆದವರು ಅವರ ಹೆಂಡತಿ, ಕುಸುಮಾ. ಅರವತ್ತು ದಾಟಿರಬೇಕು. "ಸಾರ್ ಇದಾರಾ?" ಅಂದೆ ಅಷ್ಟೇ.

"ಪಂಕಜಾ ಅಲ್ವಾ! ದನಿಯಲ್ಲೇ ಗೊತ್ತಾಯ್ತು. ಬನ್ನಿ. ಮಂಡಿ ನೋವು ಕಮ್ಮಿ ಆಯ್ತಾ?"

ಮಂಡಿ ನೋವಿನ ವಿಷಯ ಯಾರಿಗೂ ಹೇಳಿಲ್ಲ. ಸಾರ್‌ಗೆ ಬಿಟ್ಟು.

ಸಾರ್ ರೇಡಿಯೋ ಮೇಜಿನ ಹತ್ತಿರ ಕೂತಿದ್ದರು. ಕರೆದೆ. ತಿರುಗಲಿಲ್ಲ. ಇನ್ನೊಂದು ಸಲ ಕರೆದೆ. ಕುಸುಮಾ ಹೋಗಿ ಭುಜ ಮುಟ್ಟಿದರು.

ಎರಡು ವರ್ಷದಿಂದ ಕಿವಿ ಪೂರ್ತಿ ಹೋಗಿದೆಯಂತೆ. ಭಾನುವಾರ ಕುಸುಮಾ ಸ್ಪೀಕರ್ ಪಕ್ಕ ಕೂತು, ನಾನು ಹೇಳಿದ್ದನ್ನೆಲ್ಲ ಹಳೇ ಕ್ಯಾಲೆಂಡರಿನ ಹಿಂದೆ ಬರೆದು ಮುಂದಕ್ಕೆ ತಳ್ಳೋರು. ಸಾರ್ ಓದಿ ಉತ್ತರ ಕೊಡೋರು. ಎಷ್ಟು ಜೋರು ಕೇಳಿಸ್ತು ಅಂತ ಕುಸುಮಾಗೆ ಅಳೆಯೋಕೆ ಬರಲ್ಲ. ಹಾಗಾಗಿ ಎಲ್ಲರಿಗೂ ಫೈವ್ ನೈನ್. ಶಿವಗಂಗೆಯ ದಿನ ಆ ಗೊರಗೊರದಲ್ಲಿ ಕುಸುಮಾಗೆ ಸಿಕ್ಕಿದ್ದು ನನ್ನ ಹೆಸರು ಮಾತ್ರ. ಅಷ್ಟನ್ನೇ ಬರೆದುಕೊಟ್ಟರಂತೆ.

"ಆವತ್ತು ನೀವು ಡೈವೋರ್ಸ್ ಅಂದ್ರಲ್ಲ, ಇವರು ಗುಡ್ ಡೇ ಹೇಳಿ ಮುಗಿಸೋಕೆ ಹೋದ್ರು. ನಾನೇ ಬರೆದೆ, ತಿಂದು ಇಳೀರಿ ಅಂತ ಹೇಳಿ ಅಂತ."

"ನೀವೇ ಮಾತಾಡ್ಬಹುದಿತ್ತಲ್ಲ..."

"ಲೈಸೆನ್ಸ್ ಅವರದ್ದು. ಮೈಕ್ ಮುಟ್ಟೋಕೆ ಬಿಡಲ್ಲ. ರೂಲ್ಸು."

ಕಾಗದದಲ್ಲಿ ಬರೆದು ಸಾರ್ ಮುಂದಿಟ್ಟೆ — ತಪ್ಪಾಯ್ತು, ಕ್ಷಮಿಸಿ. ಓದಿದರು. ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದರು: "ತಪ್ಪು ನಂದಮ್ಮ. ಸ್ವಂತ ಕಿವಿಯಲ್ಲಿ ಕೇಳದೆ ರಿಪೋರ್ಟ್ ಕೊಟ್ಟಿದೀನಿ. ಕಾಪಿ ಹೊಡೆದ ಹಾಗೆ ಅದು. ಆ ಕಾಂಟ್ಯಾಕ್ಟ್ ಎಲ್ಲ ಹೊಡೆದು ಹಾಕಿ. ಇನ್ನು ನಾನು ಮೈಕ್ ಹಿಡಿಯಲ್ಲ."

ಪ್ಲಗ್ ಕಿತ್ತು, ವೈರ್ ನೀಟಾಗಿ ಸುತ್ತಿಟ್ಟಿದ್ದಾರೆ. ಕುಸುಮಾ ಕಿತ್ತಳೆ ಬಿಡಿಸುತ್ತಾ ಕೂತರು.

ಗೇಟಿನವರೆಗೆ ಬಂದರು. "ಭಾನುವಾರ ಬಂದ್ರೆ ಏನೂ ತೋಚಲ್ಲ ಕಣಮ್ಮ. ನನಗೂ ಅದೊಂದೇ ಇದ್ದಿದ್ದು." ಒಳಗೆ ತಿರುಗಿ ನೋಡಿದರು. ಸಾರ್‌ಗೆ ಕೇಳಿಸಲ್ಲ, ಆದರೂ ದನಿ ತಗ್ಗಿಸಿದರು. "ಅವರು ಒಂಬತ್ತಕ್ಕೆ ಸ್ನಾನಕ್ಕೆ ಹೋಗ್ತಾರೆ. ಕಾಲು ಗಂಟೆ ಬೇಕು ಅವರಿಗೆ."

ಅಷ್ಟೇ ಹೇಳಿದ್ದು. ನಾನೂ ಕೇಳಲಿಲ್ಲ.

ಫೆಬ್ರವರಿ 9

ಬೆಟ್ಟಕ್ಕೆ ಹೋಗಲಿಲ್ಲ. ಲಾಗ್ ಪುಸ್ತಕ ತೆಗೆದು, ಎರಡು ವರ್ಷದ್ದು, ಸಾರ್ ಹೆಸರಿದ್ದ ಸಾಲೆಲ್ಲ ಹೊಡೆದು ಹಾಕಿದೆ. ಹತ್ತೊಂಬತ್ತು ಬೆಟ್ಟ ಹೋಯ್ತು. ಬೆಟ್ಟ ಹೋದರೆ ಹೋಗಲಿ. ನಿನ್ನೆ ಸಂಜೆ ಬಂದಾಗಿನಿಂದ ಈ ಮನೆಯಲ್ಲಿ ಒಂದು ಮಾತೂ ಆಡಿಲ್ಲ. ಒಂಟಿ ಅನ್ನೋ ಪದ ಬರೆಯೋಕೆ ನಾಚಿಕೆ ಇತ್ತು ಇಷ್ಟು ದಿನ. ಬರೆದೆ.

ಫೆಬ್ರವರಿ 16, ಭಾನುವಾರ. ರೇವಣಸಿದ್ದೇಶ್ವರ ಬೆಟ್ಟ

8.45. ಮೂರು ಆಯ್ತು. "ನಾಲ್ಕನೇದು ಸಿಗಲ್ಲ, ಬಿಸಿಲು ಏರೋ ಮುಂಚೆ ಇಳೀರಿ ಮೇಡಂ" ಅಂದು ಕಿಟ್ಟಿ ತಿಂಡಿಗೆ ಹೋದ.

9.03. ಸಾರ್ ಸ್ನಾನಕ್ಕೆ ಹೋಗಿರಬೇಕು. ಮೈಕ್ ಒತ್ತಿದೆ. ಕರೆದೆ. ಬೆರಳು ಬಿಟ್ಟೆ. ಬರೀ ಸದ್ದು. ಕುಸುಮಾ ಪ್ಲಗ್ ಹಾಕಿದಾರೋ ಇಲ್ಲವೋ. ಹಾಕಿದ್ದರೂ ಅವರು ಉತ್ತರ ಕೊಡೋ ಹಾಗಿಲ್ಲ. ರಿಪೋರ್ಟ್ ಇಲ್ಲ, ಲೆಕ್ಕ ಇಲ್ಲ.

"ಕುಸುಮಾ ಅವರೇ, ಮಂಡಿ ಪರವಾಗಿಲ್ಲ" ಅಂದೆ. ಮೊದಲ ಸಲ ಆ ಹೆಸರು ಕರೆದದ್ದು. ಬಂಡೆ ಮೇಲೆ ಕೂತು ಅತ್ತೆ. ಕತ್ತೆ ವಯಸ್ಸಾಯ್ತು, ಆದರೂ ಅತ್ತೆ. ಆಮೇಲೆ ಎಲ್ಲ ಹೇಳಿದೆ. ಮನೆಯಲ್ಲಿ ದನಿ ಇಲ್ಲದ್ದು, ಗ್ರೂಪಿಗೆ ಹಾಕಿದ್ದು, ನಗಿಸಿದರೆ ಜನ ಜೊತೆಗಿರ್ತಾರೆ ಅಂದುಕೊಂಡಿದ್ದು.

9.12. ಇನ್ನು ಮೂರು ನಿಮಿಷ ಇದೆ. ಬರೆಯೋದು ಆಮೇಲೆ. ಅವರಿಗೆ ಇನ್ನೊಂದು ಹೇಳೋದು —