ಊಟದ ಮೇಜಿನ ಮೇಲಿನ ಬ್ರೇಕ್ ಬೂಸ್ಟರ್

ವರ್ಲಿನ್,

ಕೆಲಸಕ್ಕೆ ಹೊರಟೆ. ಮೇಜಿನ ಮೇಲಿರುವ ಹಳೇ ಕಾರಿನ ಬ್ರೇಕ್ ಬೂಸ್ಟರನ್ನು ನಾನು ಬರುವ ತನಕ ಬಿಚ್ಚಬೇಡ. ಹೋದ ಸಲ ನೀನೊಬ್ಬನೇ ತಿರುಗಿಸಲು ಹೋಗಿ, ಒಳಗಿನ ಸ್ಪ್ರಿಂಗ್ ಹಾರಿ ಫ್ರಿಜ್ ಬಾಗಿಲು ನೆಗ್ಗಿದ್ದು ಸಾಕು. ಮತ್ತೆ ಜೋಡಿಸುವಾಗ ಗುರುತಿರಲಿ ಎಂದು ಅದರ ಎರಡೂ ಅರ್ಧಗಳ ಮೇಲೆ ನನ್ನ ಉಗುರುಬಣ್ಣದಲ್ಲಿ ಗೆರೆ ಎಳೆದಿದ್ದೇನೆ. ಒರೆಸಿಬಿಟ್ಟೀಯ, ಜೋಕೆ.

ಬೀನ್ಸ್ ಸೂಪಿಗೆ ಉಪ್ಪು ಹಾಕಿಲ್ಲ. ಗೊಣಗಬೇಡ.

"ಕಾರು ಮಾರೋಕೇ ರಿಪೇರಿ ಮಾಡ್ತಿರೋದು ಕಣೇ" ಅಂದೆ ನೀನು. ನಾನು ನಂಬಿದ್ದೆ. ಇವತ್ತು ಬೆಳಿಗ್ಗೆ ಆ ಹಳೇ ಕಾರಿನಲ್ಲಿ ಕೂತು ನೋಡಿದರೆ, ಸೀಟು ನನ್ನ ಗಿಡ್ಡ ಕಾಲಿನ ಅಳತೆಗೆ ಮುಂದೆ ಬಂದಿದೆ. ಬೂಸ್ಟರ್ ಸರಿಯಾಗಿ ಬ್ರೇಕ್ ತುಳಿಯಲು ಹಗುರವಾಗಬೇಕಾಗಿದ್ದು ಯಾರ ಕಾಲಿಗೆ ಅಂತ ಆಗ ತಿಳಿಯಿತು.

ಗುರುವಾರ ನಿನ್ನ ಎದೆಯ ಆಪರೇಷನ್‌ಗೆ ನಾನೇ ಆ ಕಾರು ಓಡಿಸಿಕೊಂಡು ಹೋಗುತ್ತೇನೆ. ಗುಣವಾಗಿ ಬಂದ ಮೇಲೆ ಸೀಟನ್ನು ಹಿಂದಕ್ಕೆ ತಳ್ಳುವ ಕೆಲಸ ನಿನ್ನದು.

ಮಾರ್ವಾ